ಮಗ ನಮ್ಮ ಸಭೆಯನ್ನು ‘ಲವೊದಿಕೀಯ’ ಎನ್ನುತ್ತಿದ್ದಾನೆ. ಶಾಂತ ಭಕ್ತಿ ಯಾವುದು, ಜಡ ಭಕ್ತಿ ಯಾವುದು?

ಪ್ರಶ್ನೆ: ಹುಬ್ಬಳ್ಳಿಯ ತಾಯಿ

ಎಲ್ಲರಿಗೂ ಕರ್ತನಲ್ಲಿ ವಂದನೆಗಳು.

ನಾವು ಹುಬ್ಬಳ್ಳಿಯವರು. ನನ್ನ ತವರು, ಗಂಡನ ಮನೆ ಎರಡೂ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನ ಕಾಲದಿಂದ ಬಂದ ಕ್ರೈಸ್ತ ಕುಟುಂಬಗಳು. ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿದ್ದೇವೆ. ನನ್ನ ಅಜ್ಜ ಬೆಟಗೇರಿಯಲ್ಲಿ ಮಗ್ಗ ನಡೆಸುತ್ತಿದ್ದರು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಶನಿವಾರ ಸಂಜೆ ಗಾಯನ ತಂಡದ ಅಭ್ಯಾಸ, ಭಾನುವಾರ ಆರಾಧನೆ, ಎರಡನೆಯ ಭಾನುವಾರ ಆರಾಧನೆಯ ನಂತರ ಸಭಾ ಕಮಿಟಿಯ ಕೂಟ. ವರ್ಷಗಳಿಂದ ನಮ್ಮ ಮನೆಯ ವಾರ ಹೀಗೆಯೇ ನಡೆದುಕೊಂಡು ಬಂದಿದೆ.

ನನ್ನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ, ಹಾಸ್ಟೆಲಿನಲ್ಲಿದ್ದಾನೆ. ಕಳೆದ ವರ್ಷದಿಂದ ಕಾಲೇಜಿನ ಹತ್ತಿರದ ಒಂದು ಯುವಕರ ಪ್ರಾರ್ಥನಾ ಕೂಟಕ್ಕೆ ಹೋಗತೊಡಗಿದ. ಬುಧವಾರ ಉಪವಾಸ, ಶುಕ್ರವಾರ ರಾತ್ರಿಯಿಡೀ ಪ್ರಾರ್ಥನೆ. ದೃಢೀಕರಣದ (ಬೆಳೆದ ಮೇಲೆ ನಂಬಿಕೆಯನ್ನು ತಾವೇ ಒಪ್ಪಿಕೊಳ್ಳುವ ವಿಧಿ) ದಿನ ಸಭೆಯಿಂದ ಕೊಟ್ಟ ಬೈಬಲನ್ನು ಕಪಾಟಿನಲ್ಲೇ ಬಿಟ್ಟಿದ್ದ ಹುಡುಗ ಈಗ ಅದರ ಅಂಚುಗಳ ತುಂಬ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಾನೆ. ರಜೆಗೆ ಬಂದಾಗ ಅದನ್ನು ನೋಡಿ ನನಗೆ ಬಹಳ ಸಂತೋಷವಾಗಿತ್ತು.

ಆಮೇಲೆ ಸುಗ್ಗಿ ಹಬ್ಬ ಬಂತು. ನಮ್ಮಲ್ಲಿ ಆರಾಧನೆ ಮುಗಿದ ಮೇಲೆ ಜನ ತಂದ ಕಾಯಿಪಲ್ಲೆ, ಕೋಳಿ, ರೊಟ್ಟಿ, ಉಪ್ಪಿನಕಾಯಿಗಳ ಹರಾಜು ನಡೆಯುತ್ತದೆ. ಆ ದಿನ ಒಂದು ಕುಂಬಳಕಾಯಿಗೆ ಎರಡು ಕುಟುಂಬಗಳ ನಡುವೆ ಪೈಪೋಟಿ ಬಿದ್ದು ಬೆಲೆ ಸಾವಿರಗಳಿಗೆ ಏರಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ನಾನೂ ತಟ್ಟಿದೆ. ಮಗ ಎದ್ದು ಹೊರಗೆ ಹೋದ. ಸಂಜೆ ಮನೆಯಲ್ಲಿ ಹೇಳಿದ: “ಅಮ್ಮಾ, ನಮ್ಮದು ಲವೊದಿಕೀಯ ಸಭೆ. ತಣ್ಣಗೂ ಇಲ್ಲ, ಬಿಸಿಯೂ ಇಲ್ಲ. ಅಷ್ಟು ದುಡ್ಡು ಕೂಗಿದವರು ನಾಳೆ ಬೆಳಿಗ್ಗೆ ಪ್ರಾರ್ಥನೆಗೆ ಹತ್ತು ನಿಮಿಷ ಕೊಡುತ್ತಾರೆಯೇ? ಕರ್ತನು ಇಂಥವರನ್ನು ಬಾಯಿಂದ ಕಾರಿಬಿಡುತ್ತೇನೆ ಎಂದಿದ್ದಾನೆ.”

ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಕರ್ತನು ಏಳು ಸಭೆಗಳಿಗೆ ಬರೆಸಿದ ಪತ್ರಗಳಿವೆ; ಕೊನೆಯದು ಲವೊದಿಕೀಯ ಊರಿನ ಉಗುರು ಬೆಚ್ಚಗಿನ ಸಭೆಗೆ. ಮಗ ಹೇಳಿದ್ದು ಅದನ್ನೇ. ಆ ಮಾತು ನನಗೆ ಚುಚ್ಚಿತು. ಅದೇ ಮನೆಯ ಒಳಕೋಣೆಯಲ್ಲಿ ನಮ್ಮ ಅತ್ತೆ ಮಲಗಿದ್ದರು. ಎಂಬತ್ತು ದಾಟಿದವರು. ಪ್ರಾರ್ಥನೆಯಲ್ಲಿ ಅವರು ಕೈ ಎತ್ತಿದ್ದನ್ನಾಗಲಿ, ದನಿ ಏರಿಸಿದ್ದನ್ನಾಗಲಿ ನಾನು ಕಂಡಿಲ್ಲ. ಬೆಳಗಿನ ಜಾವ ಎದ್ದು, ಹೊಲಿಗೆ ಬಿಟ್ಟ ಹಳೆಯ ಗೀತೆಗಳ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ತುಟಿಯಲ್ಲೇ ಹೆಸರುಗಳನ್ನು ಹೇಳುತ್ತಾ ಹೋಗುತ್ತಾರೆ. ಮಕ್ಕಳು, ಮೊಮ್ಮಕ್ಕಳು, ಪಕ್ಕದ ಮನೆಯವರು, ತರಕಾರಿ ತರುವ ಹೆಂಗಸು, ಆ ಹೆಂಗಸಿನ ಕುಡುಕ ಗಂಡ. ಯಾರ ಹೆಸರೂ ತಪ್ಪುವುದಿಲ್ಲ. ಇವರನ್ನೂ ಉಗುರು ಬೆಚ್ಚಗಿನವರ ಪಟ್ಟಿಗೆ ಸೇರಿಸಬೇಕೇ?

ಆದರೆ ಮಗ ಹೇಳಿದ್ದು ಪೂರ್ತಿ ಸುಳ್ಳು ಎನ್ನುವ ಧೈರ್ಯವೂ ನನಗಿಲ್ಲ. “ಹುಡುಗ ವಯಸ್ಸು, ಎಲ್ಲ ತಾನಾಗಿಯೇ ಇಳಿಯುತ್ತದೆ ಬಿಡು” ಎನ್ನುತ್ತಾರೆ ನನ್ನ ಯಜಮಾನರು. ಹೆತ್ತ ಮಗನ ಭಕ್ತಿ ಯಾವಾಗ ಆರುತ್ತದೆ ಎಂದು ನಾವು ಕಾಯುತ್ತಾ ಕುಳಿತಿದ್ದೇವೆಯೇ ಎಂಬ ಭಯ ನನ್ನದು.

ತಿಳಿದವರು ಹೇಳಿ. ಪೂರ್ಣ ಹೃದಯದ ಭಕ್ತಿಯನ್ನು ಯಾವುದರಿಂದ ಗುರುತಿಸಬೇಕು? ಮಗನ ಜೊತೆ ನಾನು ಏನು ಮಾತನಾಡಬೇಕು?

ಉತ್ತರ: ಎಲೆಕ್ಟ್ರಾನಿಕ್ ಸಿಟಿಯ ತಮ್ಮ

ಅಕ್ಕಾ, ಕರ್ತನಿಗೆ ಸ್ತೋತ್ರ. ನಾನು ಬೆಂಗಳೂರಿನಲ್ಲಿ ಒಂದು ಪೆಂತೆಕೋಸ್ತ ಸಭೆಗೆ ಹೋಗುವವನು. ನಿಮ್ಮ ಮಗನ ಪಕ್ಷದಿಂದ ನಾಲ್ಕು ಮಾತು ಹೇಳುತ್ತೇನೆ.

ಕ್ರೈಸ್ತ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಒಂದು ಕಷ್ಟವಿದೆ. ನಮಗೆ ಎಲ್ಲವೂ ಮೊದಲೇ ಗೊತ್ತಿರುತ್ತದೆ. ದಾವೀದ ಗೊಲ್ಯಾತ, ಯೋನ, ತಪ್ಪಿಹೋದ ಮಗ, ಎಲ್ಲವನ್ನೂ ಸಂಡೇ ಸ್ಕೂಲಿನಲ್ಲಿ ನಟಿಸಿ ಬಹುಮಾನ ತೆಗೆದುಕೊಂಡಿರುತ್ತೇವೆ. ದೀಕ್ಷಾಸ್ನಾನ ಮಗುವಾಗಿದ್ದಾಗಲೇ ಆಗಿಹೋಗಿದೆ, ದೃಢೀಕರಣಕ್ಕೆ ಕ್ಲಾಸಿನ ಹುಡುಗರೆಲ್ಲ ನಿಂತರು ಎಂದು ನಾವೂ ನಿಂತಿರುತ್ತೇವೆ. ಯಾವುದೋ ಒಂದು ದಿನ “ಇದನ್ನೆಲ್ಲ ನಾನು ನಿಜವೆಂದು ನಂಬುತ್ತೇನೆಯೇ?” ಎಂಬ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ. ನಂಬುತ್ತೇನೆ ಎಂದಾದರೆ ಮೊದಲಿನ ಹಾಗೆ ಬದುಕಲು ಆಗುವುದಿಲ್ಲ. ನಿಮ್ಮ ಮಗ ಈಗ ಅಲ್ಲಿದ್ದಾನೆ. ಅವನು ಮಾಡುವ ಪ್ರಾರ್ಥನೆ ಮೊದಲ ಬಾರಿಗೆ ಅವನ ಸ್ವಂತದ್ದು. ಅದನ್ನು ವಯಸ್ಸಿನ ಹುಚ್ಚು ಎಂದು ದಯವಿಟ್ಟು ಯಾರೂ ಹೇಳಬೇಡಿ. ಮನೆಯವರು ನಕ್ಕುಬಿಟ್ಟ ಒಂದೇ ಕಾರಣಕ್ಕೆ ಮನೆಗೆ ಹೋಗುವುದನ್ನೇ ನಿಲ್ಲಿಸಿದ ಹುಡುಗರು ನನಗೆ ಗೊತ್ತು.

ಇನ್ನೊಂದು ಮಾತು. ನಮ್ಮ ಕಡೆಯೂ ಜಡತ್ವ ಇದೆ, ಅದು ಗದ್ದಲದ ನಡುವೆ ಬೇಗ ಕಾಣಿಸುವುದಿಲ್ಲ ಅಷ್ಟೇ. ಸಂಗೀತ ಜೋರಾಗಿದ್ದಾಗ ಅಳು ಬರುತ್ತದೆ, ಅದನ್ನೇ ಆತ್ಮನ ಕಾರ್ಯ ಎಂದುಕೊಳ್ಳುತ್ತೇವೆ, ಸೋಮವಾರ ಕಚೇರಿಯಲ್ಲಿ ಸುಳ್ಳು ಬಿಲ್ಲಿಗೆ ಸಹಿ ಹಾಕುತ್ತೇವೆ. ಹಾಗಾಗಿ ಅವನು ಎಷ್ಟು ಗಂಟೆ ಪ್ರಾರ್ಥಿಸುತ್ತಾನೆ ಎಂದು ಲೆಕ್ಕ ಹಾಕಬೇಡಿ. ಆ ಕೂಟ ನಡೆಸುವವರು ಯಾರು, ಅವರು ಯಾರಿಗೆ ಉತ್ತರ ಕೊಡುತ್ತಾರೆ, ಹಣದ ಲೆಕ್ಕವನ್ನು ಯಾರು ನೋಡುತ್ತಾರೆ, ಅವರನ್ನು ಪ್ರಶ್ನಿಸಿದವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದನ್ನು ವಿಚಾರಿಸಿ. ಮಗನನ್ನೇ ಕೇಳಿ, ಆದರೆ ಪೊಲೀಸರ ಹಾಗೆ ಕೇಳಬೇಡಿ. ಸಾಧ್ಯವಾದರೆ ಒಂದು ಶುಕ್ರವಾರ ನೀವೇ ಹೋಗಿ ಕುಳಿತುಕೊಳ್ಳಿ.

ಉತ್ತರ: ನಿವೃತ್ತ ಸಭಾಪಾಲಕ, ಧಾರವಾಡ

ತಂಗೀ, ನಿಮ್ಮ ಪತ್ರ ಓದಿದೆ. ಧಾರವಾಡ, ಗದಗ, ಬಾಗಲಕೋಟೆ ಕಡೆ ಸೇವೆ ಮಾಡಿ ಈಗ ಮನೆಯಲ್ಲಿರುವವನು ನಾನು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರಿಸಬೇಡಿ.

ನಿಮ್ಮ ಮಗ ಲವೊದಿಕೀಯದ ಹೆಸರು ಎತ್ತಿದ್ದು ಒಳ್ಳೆಯದೇ ಆಯಿತು. ಆದರೆ ಆ ಪತ್ರವನ್ನು ಅರ್ಧಕ್ಕೇ ನಿಲ್ಲಿಸಬಾರದು. ಇಂದಿನ ತುರ್ಕಿಯ ದೆನಿಜ್ಲಿ ನಗರದ ಹತ್ತಿರ ಆ ಊರಿನ ಅವಶೇಷಗಳಿವೆ. ಕಣಿವೆಯ ಆಚೆ, ಸುಮಾರು 10 ಕಿಲೋಮೀಟರ್ ದೂರದಲ್ಲಿ ಹಿರಿಯಾಪೊಲಿ ಇತ್ತು. ಅಲ್ಲಿಯ ಬಿಸಿನೀರಿನ ಬುಗ್ಗೆಗಳಿಗೆ ಇಂದಿಗೂ ಜನ ಹೋಗುತ್ತಾರೆ. ಇನ್ನೊಂದು ದಿಕ್ಕಿನಲ್ಲಿ ಬೆಟ್ಟದ ಬುಡದ ಕೊಲೊಸ್ಸೆಯಲ್ಲಿ ತಣ್ಣನೆಯ ಹರಿಯುವ ನೀರು. ಲವೊದಿಕೀಯದವರು ದೂರದಿಂದ ಕಾಲುವೆ, ಕೊಳವೆಗಳಲ್ಲಿ ನೀರು ತರಿಸಿಕೊಳ್ಳುತ್ತಿದ್ದರು. ಒಳಗೆಲ್ಲ ಸುಣ್ಣ ಕಟ್ಟಿದ ಆ ಕೊಳವೆಗಳನ್ನು ಈಗಲೂ ನೋಡಬಹುದು. ಬಿಸಿನೀರು ಮೈನೋವಿಗೆ ಬೇಕು, ತಣ್ಣೀರು ದಾಹಕ್ಕೆ ಬೇಕು. ನಡುವಿನದು ಬಾಯಿಗೆ ಹಾಕಿಕೊಂಡರೆ ಉಗಿಯುವಂಥದ್ದು. ಕರ್ತನ ಮಾತನ್ನು ಹೀಗೆ ಅರ್ಥ ಮಾಡುವವರು ಅನೇಕರಿದ್ದಾರೆ, ನನಗೂ ಇದೇ ಸರಿಯೆನಿಸುತ್ತದೆ. ಇಲ್ಲವಾದರೆ “ನೀನು ತಣ್ಣಗಾದರೂ ಇರಬಾರದಾಗಿತ್ತೇ” ಎಂದು ಆತನು ಏಕೆ ಹೇಳಿಯಾನು? ಜನ ದೇವರನ್ನು ಬಿಟ್ಟುಬಿಡಲಿ ಎಂದು ಆತನು ಬಯಸುತ್ತಾನೆಯೇ?

ಆದ್ದರಿಂದ ಭಾವನೆಯ ಕಾವು ಎಷ್ಟಿದೆ ಎಂದು ಆ ಪತ್ರ ಅಳೆಯುತ್ತಿಲ್ಲ. ನಿಮ್ಮ ಅತ್ತೆಯವರು ಕೊಲೊಸ್ಸೆಯ ನೀರು. ಸದ್ದಿಲ್ಲ, ಆವಿಯಿಲ್ಲ, ಕುಡಿದವರ ದಾಹ ತೀರುತ್ತದೆ. ಆ ತರಕಾರಿಯ ಹೆಂಗಸಿನ ಗಂಡನ ಹೆಸರನ್ನು ಹಿಡಿದು ದೇವರ ಮುಂದೆ ಕೂರುವವರು ಹುಬ್ಬಳ್ಳಿಯಲ್ಲಿ ಇನ್ನು ಯಾರಿದ್ದಾರೆ, ಹೇಳಿ?

ಹಾಗಾದರೆ ಲವೊದಿಕೀಯದ ರೋಗ ಯಾವುದು? ಅದನ್ನು ಮುಂದಿನ ವಚನವೇ ಹೇಳುತ್ತದೆ: ನಾನು ಐಶ್ವರ್ಯವಂತನು, ನನಗೆ ಯಾವುದರ ಕೊರತೆಯೂ ಇಲ್ಲ ಎಂದು ನೀನು ಹೇಳಿಕೊಳ್ಳುತ್ತೀ. ಕ್ರಿ.ಶ. 60ರಲ್ಲಿ ಭೂಕಂಪವಾಗಿ ಆ ಊರು ಬಿದ್ದಾಗ, ರೋಮಿನಿಂದ ಬಿಡಿಗಾಸು ತೆಗೆದುಕೊಳ್ಳದೆ ಸ್ವಂತ ಬಲದಿಂದಲೇ ಮತ್ತೆ ಎದ್ದು ನಿಂತಿತು ಎಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಊರಿಗೆ ಅದು ಹೆಮ್ಮೆಯ ಸಂಗತಿ. ಆದರೆ ಅದೇ ಹೆಮ್ಮೆ ಸಭೆಯೊಳಗೆ ಬಂದು ದೇವರ ಮುಂದೆಯೂ “ನಮಗೆ ಏನೂ ಬೇಕಾಗಿಲ್ಲ” ಎಂದು ಕೂತುಬಿಟ್ಟಿತು. ಅದೇ ಪತ್ರದ, ಬಾಗಿಲಲ್ಲಿ ನಿಂತು ತಟ್ಟುತ್ತಿದ್ದೇನೆ ಎಂಬ ವಚನವನ್ನು ನಾವು ಹೊರಗಿನವರಿಗೆ ಸುವಾರ್ತೆ ಹೇಳುವಾಗ ಬಳಸುತ್ತೇವೆ. ಬರೆದಿರುವುದು ಸಭೆಗೆ. ಒಳಗೆ ಆರಾಧನೆ ನಡೆಯುತ್ತಿದೆ, ಕರ್ತನು ಹೊರಗೆ ನಿಂತಿದ್ದಾನೆ.

ನಾನು ಕಂಡದ್ದನ್ನು ಹೇಳುತ್ತೇನೆ. ಒಂದು ಊರಿನ ಸಭೆ. ಊರಿನ ಹೆಸರು ಬೇಡ. ಅಂಗಡಿಗಳ ಬಾಡಿಗೆ ಬರುತ್ತಿತ್ತು, ಬ್ಯಾಂಕಿನಲ್ಲಿ ಠೇವಣಿ ಇತ್ತು, ಹಾಲ್‌ಗೆ ಹೊಸ ಟೈಲ್ಸ್ ಹಾಕಿಸಿದ್ದರು. ಬೇರೆ ಊರಿನಿಂದ ವಲಸೆ ಬಂದ ಕೆಲವು ಪೌರಕಾರ್ಮಿಕರ ಕುಟುಂಬಗಳು ಆರಾಧನೆಗೆ ಬರುತ್ತಿದ್ದವು, ಹಿಂದಿನ ಸಾಲಿನಲ್ಲಿ ಕೂರುತ್ತಿದ್ದವು. ಅವರ ಮಕ್ಕಳಿಗೆ ಸಂಜೆ ಹೊತ್ತು ಪಾಠ ಹೇಳಿಕೊಡಲು ಹಾಲ್ ಬಿಟ್ಟುಕೊಡಿ ಎಂದು ಒಂದು ಅರ್ಜಿ ಬಂತು. ನಡಾವಳಿ ಪುಸ್ತಕದಲ್ಲಿ ಅದು ಹೀಗೆ ದಾಖಲಾಯಿತು: “ವಿಷಯ ಚರ್ಚಿಸಿ ಮುಂದಿನ ಸಭೆಗೆ ಮುಂದೂಡಲಾಯಿತು.” ಮುಂದಿನ ಸಭೆಯಲ್ಲಿಯೂ ಅದೇ ಸಾಲು. ಅದರ ಮುಂದಿನ ಸಭೆಯಲ್ಲಿಯೂ ಅದೇ ಸಾಲು, ಅದೇ ಅಂದವಾದ ಅಕ್ಷರಗಳಲ್ಲಿ. ಯಾರೂ ಬೇಡ ಎನ್ನಲಿಲ್ಲ. ಕರೆಂಟ್ ಬಿಲ್ಲು ಯಾರು ಕಟ್ಟುವುದು, ಬೀಗದ ಕೈ ಯಾರ ಹತ್ತಿರ, ಟೈಲ್ಸ್ ಒಡೆದರೆ ಹೇಗೆ ಎಂದು ಕೇಳಿದರು. ನಾನು ಎಷ್ಟು ಒತ್ತಾಯಿಸಿದರೂ “ಆಗಲಿ ಅಯ್ಯನವರೇ, ನೋಡೋಣ” ಎಂದರು. ಆ ಕಮಿಟಿಯಲ್ಲಿದ್ದವರಲ್ಲಿ ಒಬ್ಬರೂ ಕೆಟ್ಟವರಲ್ಲ. ಕಾಣಿಕೆ ಲಕೋಟೆಯನ್ನು ತಪ್ಪದೆ ಕೊಡುವವರು, ನನ್ನ ಮನೆಗೆ ಕಾಯಿಲೆ ಬಂದಾಗ ಓಡಿ ಬಂದವರು.

ಕೊನೆಗೆ ಒಬ್ಬ ವಿಧವೆ ತಮ್ಮ ಮನೆಯ ಪಡಸಾಲೆಯನ್ನು ಬಿಟ್ಟುಕೊಟ್ಟರು. ಬಟ್ಟೆ ಹೊಲಿದು ಜೀವನ ಮಾಡುತ್ತಿದ್ದವರು. ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ, ಕತ್ತರಿಸಿದ ಬಟ್ಟೆಯ ಚೂರುಗಳನ್ನು ಗುಡಿಸಿ, ಜಮಖಾನ ಹಾಸಿ ಮಕ್ಕಳನ್ನು ಕೂರಿಸುತ್ತಿದ್ದರು. ಮಕ್ಕಳು ಹೋದ ಮೇಲೆ ರಾತ್ರಿ ಮತ್ತೆ ಯಂತ್ರವನ್ನು ಬೆಳಕಿನ ಕೆಳಗೆ ಎಳೆದುಕೊಂಡು ಹೊಲಿಯಲು ಕೂರುವರು. ಸಂಜೆಯ ದುಡಿಮೆ ಅಷ್ಟು ಕಡಿಮೆಯಾಯಿತು. ಅವರು ಆ ವಿಷಯವನ್ನು ಯಾರ ಮುಂದೆಯೂ ಸಾಕ್ಷಿಯಾಗಿ ಹೇಳಲಿಲ್ಲ. ಪೂರ್ಣ ಹೃದಯ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನನ್ನ ಕಣ್ಣಿಗೆ ಬರುವುದು ಆ ಪಡಸಾಲೆ.

ನಿಮ್ಮ ಹಿರಿಯರ ಕಾಲವನ್ನೂ ಸ್ವಲ್ಪ ನೆನೆಯೋಣ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಮಂಗಳೂರಿನ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡಾಗ ಊರಿನಲ್ಲಿ ದೊಡ್ಡ ಗಲಭೆಯೇ ಆಯಿತು. ಆಗ ಅವರಿಗೆ ನಿಮ್ಮ ಮಗನ ವಯಸ್ಸು. ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ತಿರುಗಿ ಬಂದರು. ಪುಸ್ತಕಗಳಲ್ಲಿ ಆ ದೀಕ್ಷಾಸ್ನಾನದ ದಿನವನ್ನೇ ದೊಡ್ಡದು ಮಾಡುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಆಮೇಲಿನ ನಾಲ್ಕು ದಶಕಗಳು. ಕೊಡಗಿನಲ್ಲಿ ಬಾಸೆಲ್ ಮಿಷನರಿ ಮೋಗ್ಲಿಂಗ್ ಅವರ ಜೊತೆ ಸೇರಿ, ಕ್ರೈಸ್ತರಾದ ಹೊಲೆಯ ಸಮುದಾಯದವರಿಗಾಗಿ ಆನಂದಪುರ ಎಂಬ ಊರನ್ನು ಕಟ್ಟಿದರು. ಜಮೀನು, ಕಾಫಿ ತೋಟ, ಕೂಲಿಯ ಲೆಕ್ಕ, ಮಳೆಗಾಲದ ಜ್ವರ ಇವುಗಳ ನಡುವೆ. ಬ್ರಾಹ್ಮಣನಾಗಿ ಹುಟ್ಟಿದವನು ಆ ಕಾಲದಲ್ಲಿ ಆ ಜನರ ನಡುವೆ ಬದುಕಿದ್ದು ಎಂಥ ಮಾತು ಎಂಬುದನ್ನು ಯೋಚಿಸಿ. ಒಂದು ದಿನದ ಬಿಸಿಯಿಂದ ಅದು ಆಗುವ ಕೆಲಸವಲ್ಲ.

ಮೊದಲನೆಯ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳನ್ನು ಸರಕಾರ ಬಂಧನದಲ್ಲಿಟ್ಟು ಊರಿಗೆ ಕಳುಹಿಸಿತು. ಹೆಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಮಿಷನ್ನಿನ ಕೈಬಿಟ್ಟು ಹೋದವು. ಕೆಲಸ ಕೊಡುತ್ತಿದ್ದವರು, ಸಂಬಳ ಕೊಡುತ್ತಿದ್ದವರು, ಪ್ರಸಂಗ ಮಾಡುತ್ತಿದ್ದವರು ಒಟ್ಟಿಗೆ ಇಲ್ಲವಾದರು. ನಿಮ್ಮ ಅಜ್ಜನಂಥವರು ಆಗ ಸಭೆಯನ್ನು ಬಿಟ್ಟುಹೋಗಬಹುದಿತ್ತು. ಹೋಗಲಿಲ್ಲ ಎಂಬುದಕ್ಕೆ ನೀವೇ ಇದ್ದೀರಿ. ಸಿದ್ಧವಾಗಿ ಸಿಕ್ಕಿದ ಸಭೆ, ಶಾಲೆ, ಸಮಾಧಿ ಸ್ಥಳ ಎಲ್ಲವೂ ನಮ್ಮ ಪೀಳಿಗೆಗೆ ಬಂದದ್ದು ಅವರಿಂದ. ಅದನ್ನು ಕಾಯ್ದುಕೊಂಡರೆ ಸಾಕು ಎಂದುಕೊಂಡಾಗಲೇ ನಾವು ಲವೊದಿಕೀಯದ ಹಾದಿ ಹಿಡಿದೆವು. ಈ ಮಟ್ಟಿಗೆ ನಿಮ್ಮ ಮಗ ಸತ್ಯವನ್ನೇ ಹೇಳಿದ್ದಾನೆ. ಅದನ್ನು ಅವನಿಗೆ ಬಾಯಿಬಿಟ್ಟು ಹೇಳಿ. ತಾಯಿ ಒಪ್ಪಿಕೊಂಡರೆ ಮಗ ಕೇಳಿಸಿಕೊಳ್ಳುತ್ತಾನೆ.

ಆದರೆ ಏಳು ಪತ್ರಗಳಲ್ಲಿ ಮೊದಲನೆಯದು ಎಫೆಸದ ಸಭೆಗೆ ಬರೆದದ್ದು. ಅವರು ದುಡಿದೂ ದಣಿಯದವರು, ಸುಳ್ಳು ಅಪೊಸ್ತಲರನ್ನು ಪರೀಕ್ಷಿಸಿ ಹಿಡಿದವರು, ದುಷ್ಟರನ್ನು ಸಹಿಸದವರು. ಅವರ ಮೇಲಿನ ದೂರು ಒಂದೇ: ಮೊದಲಿದ್ದ ಪ್ರೀತಿಯನ್ನು ಬಿಟ್ಟುಬಿಟ್ಟಿದ್ದೀ. ಪಕ್ಕದ ಕೋಣೆಯಲ್ಲಿ ಅಜ್ಜಿ ಮಲಗಿರುವಾಗ “ಬಾಯಿಂದ ಕಾರಿಬಿಡುತ್ತಾನೆ” ಎನ್ನುವ ನಾಲಿಗೆಗೆ ಬೇಕಾದ ಪತ್ರ ಅದು. ಲವೊದಿಕೀಯಕ್ಕೆ ಅಷ್ಟು ಕಠಿಣವಾಗಿ ಬರೆದವನು ಅದೇ ಪತ್ರದಲ್ಲಿ, ನಾನು ಯಾರನ್ನು ಪ್ರೀತಿಸುತ್ತೇನೋ ಅವರನ್ನು ಗದರಿಸುತ್ತೇನೆ ಎನ್ನುತ್ತಾನೆ. ಸಭೆಯನ್ನು ಪ್ರೀತಿಸುವವನಿಗೆ ಮಾತ್ರ ಸಭೆಯನ್ನು ಗದರಿಸುವ ಅಧಿಕಾರ. ಸುಗ್ಗಿ ಹಬ್ಬದಿಂದ ಎದ್ದು ಹೋದವನು ಮುಂದಿನ ವಾರ ಬಂದು ಒಂದು ಕೆಲಸ ಹಿಡಿಯಲಿ.

ಉತ್ತರ: ಮಂಗಳೂರಿನ ನರ್ಸ್

ನಾನು ಕಥೋಲಿಕಳು, ಆದರೂ ಬರೆಯುತ್ತಿದ್ದೇನೆ. ನಮ್ಮಲ್ಲಿಯೂ ಇದೇ ಕಥೆ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಡುತ್ತೇವೆ, ಅಂಜಲ್ ಮೀನು ಹುರಿದು ಊಟ ಮಾಡುತ್ತೇವೆ, ನಿಯಮ ಪಾಲಿಸಿದ ತೃಪ್ತಿ ಇರುತ್ತದೆ.

ನಿಮ್ಮ ಮಗನಿಗೆ ಫ್ರೆಡರಿಕ್ ಓಜಾನಾಂ ಅವರ ಬಗ್ಗೆ ಹೇಳಿ. ಪ್ಯಾರಿಸಿನಲ್ಲಿ ಕಾನೂನು ಓದುತ್ತಿದ್ದ ವಿದ್ಯಾರ್ಥಿ. ಗೆಳೆಯರ ಜೊತೆ ಚರ್ಚಾ ಕೂಟ ಕಟ್ಟಿಕೊಂಡು ಕ್ರೈಸ್ತ ಧರ್ಮದ ಪರವಾಗಿ ವಾದ ಮಾಡುತ್ತಿದ್ದ. ಎದುರು ಪಕ್ಷದವನೊಬ್ಬ ಕೇಳಿದ: ಹಿಂದೆ ನಿಮ್ಮ ಧರ್ಮ ದೊಡ್ಡ ಕೆಲಸಗಳನ್ನು ಮಾಡಿದ್ದು ಹೌದು, ಈಗ ನೀವು ಏನು ಮಾಡುತ್ತಿದ್ದೀರಿ? ಆ ಪ್ರಶ್ನೆ ತಟ್ಟಿತು. ಓಜಾನಾಂ ತನ್ನಲ್ಲಿದ್ದ ಸೌದೆಯನ್ನು ಒಂದು ಬಡ ಮನೆಗೆ ಹೊತ್ತುಕೊಂಡು ಹೋದನಂತೆ. 1833ರಲ್ಲಿ, 20ನೆಯ ವಯಸ್ಸಿನಲ್ಲಿ, ಗೆಳೆಯರ ಜೊತೆ ಸೇರಿ ಸಂತ ವಿನ್ಸೆಂಟ್ ದಿ ಪೌಲ್ ಸೊಸೈಟಿಯನ್ನು ಆರಂಭಿಸಿದ. ಬಡವರ ಮನೆಗಳನ್ನು ಗುರುತಿಸಿ, ಅಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ಈ ಹುಡುಗರಿಗೆ ಕಲಿಸಿದವರು ರೊಸಾಲಿ ರೆಂಡು ಎಂಬ ಸಿಸ್ಟರ್. ಇಂದಿಗೂ ನಮ್ಮ ಚರ್ಚುಗಳಲ್ಲಿ ಅದರ ಸದಸ್ಯರು ಮನೆಮನೆಗೆ ಹೋಗುತ್ತಾರೆ. ಪೋಪ್ ಎರಡನೆಯ ಜಾನ್ ಪೌಲ್ 1997ರಲ್ಲಿ ಓಜಾನಾಂ ಅವರನ್ನು ಪುನೀತರೆಂದು ಘೋಷಿಸಿದರು.

ನನಗೆ ಇದರಲ್ಲಿ ಹಿಡಿಸುವುದು ಆ ಸಿಸ್ಟರ್. ಹುಡುಗರ ಬಿಸಿರಕ್ತಕ್ಕೆ ಅವರು ನೀರು ಎರಚಲಿಲ್ಲ, ಯಾವ ಮನೆಗೆ ಹೋಗಬೇಕು ಎಂದು ವಿಳಾಸ ಕೊಟ್ಟರು. ನೀವೂ ನಿಮ್ಮ ಅತ್ತೆಯವರೂ ಮಗನಿಗೆ ವಿಳಾಸ ಕೊಡಿ. ಆ ತರಕಾರಿಯ ಹೆಂಗಸಿನ ಮನೆಯಿಂದಲೇ ಶುರುವಾಗಬಹುದು. ಗಂಡನನ್ನು ಕುಡಿತ ಬಿಡಿಸುವ ಚಿಕಿತ್ಸೆಗೆ ಕರೆದೊಯ್ಯಲು ಜೊತೆಗೊಬ್ಬ ಗಂಡಾಳು ಬೇಕಾಗುತ್ತದೆ. ವಾರ್ಡಿನಲ್ಲಿ ದಿನವೂ ನೋಡುತ್ತೇನೆ, ಹೆಂಡತಿ ಒಬ್ಬಳೇ ಅವನನ್ನು ಹಿಡಿದುಕೊಂಡು ಒದ್ದಾಡುತ್ತಿರುತ್ತಾಳೆ.

ಹುಬ್ಬಳ್ಳಿಯ ತಾಯಿ

ಅಯ್ಯನವರೇ, ತಮ್ಮಾ, ಅಕ್ಕಾ, ಮೂವರಿಗೂ ವಂದನೆಗಳು. ಅಯ್ಯನವರ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಕೌಂಡಿನ್ಯರ ಹೆಸರನ್ನು ಅವರು ಚಿಕ್ಕಂದಿನಲ್ಲಿ ಕೇಳಿದ್ದಾರಂತೆ.

ಒಂದು ವಿಷಯ ಮೊದಲು ಬರೆಯಲು ಮನಸ್ಸು ಬಂದಿರಲಿಲ್ಲ. ಪರೀಕ್ಷಾ ಶುಲ್ಕಕ್ಕೆಂದು ನಾವು ಕಳುಹಿಸಿದ ಹಣವನ್ನು ಮಗ ಆ ಕೂಟಕ್ಕೆ ‘ಬೀಜ ಕಾಣಿಕೆ’ ಎಂದು ಕೊಟ್ಟಿದ್ದಾನೆ. ಬಿತ್ತಿದರೆ ದೇವರು ನೂರರಷ್ಟು ಕೊಡುತ್ತಾನೆ ಎಂದು ಅಲ್ಲಿ ಹೇಳಿದ್ದಾರೆ. ಶುಲ್ಕ ಕಟ್ಟುವ ಕೊನೆಯ ದಿನ ಹತ್ತಿರ ಬಂದಾಗ ಯಜಮಾನರಿಗೆ ಗೊತ್ತಾಗಿ ಮನೆಯಲ್ಲಿ ಜಗಳವಾಯಿತು. ಮಗನ ವಾದ ಏನೆಂದರೆ, ಪೂರ್ಣ ಹೃದಯ ಎಂದ ಮೇಲೆ ಲೆಕ್ಕಾಚಾರ ಮಾಡಬಾರದು. ಸುವಾರ್ತೆಯಲ್ಲಿ ಬರುವ ಬಡ ವಿಧವೆ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ತನಗಿದ್ದದ್ದನ್ನೆಲ್ಲ ಹಾಕಲಿಲ್ಲವೇ ಎನ್ನುತ್ತಾನೆ. ಇದಕ್ಕೆ ಏನು ಹೇಳಲಿ?

ಎಲೆಕ್ಟ್ರಾನಿಕ್ ಸಿಟಿಯ ತಮ್ಮ

ಅಕ್ಕಾ, ಇದನ್ನು ಓದಿ ನನಗೆ ಸಿಟ್ಟು ಬಂತು, ಮಗನ ಮೇಲಲ್ಲ. ವಿದ್ಯಾರ್ಥಿಯ ಪರೀಕ್ಷಾ ಶುಲ್ಕ ಎಂದು ತಿಳಿದೂ ತೆಗೆದುಕೊಂಡವರು ಮಂದೆ ಕಾಯುವ ಕುರುಬರಲ್ಲ. ತಿಳಿಯದೆ ತೆಗೆದುಕೊಂಡಿದ್ದರೆ, ತಿಳಿದ ದಿನವೇ ಹಿಂದಿರುಗಿಸುತ್ತಾರೆ. ಮಗನನ್ನೇ ಕಳುಹಿಸಿ, “ಇದು ಅಪ್ಪ ಅಮ್ಮ ಶುಲ್ಕಕ್ಕೆ ಕೊಟ್ಟದ್ದು, ನನ್ನದಲ್ಲದ್ದನ್ನು ಕೊಟ್ಟೆ” ಎಂದು ಹೇಳಿಸಿ. ಅವರು ಹೇಗೆ ಉತ್ತರಿಸುತ್ತಾರೆ ಎಂಬುದರಲ್ಲೇ ಆ ಕೂಟ ಎಂಥದ್ದು ಎಂದು ಅವನಿಗೆ ಗೊತ್ತಾಗುತ್ತದೆ. ಆ ವಿಧವೆ ಹಾಕಿದ್ದು ತನ್ನ ಸ್ವಂತ ಎರಡು ಕಾಸು. ಪಕ್ಕದ ಮನೆಯವರದ್ದಲ್ಲ. ನೂರರಷ್ಟು ತಿರುಗಿ ಬರಲಿ ಎಂದೂ ಹಾಕಲಿಲ್ಲ.

ಶುಲ್ಕವನ್ನು ಮಾತ್ರ ತಡಮಾಡದೆ ನೀವೇ ಕಟ್ಟಿಬಿಡಿ. ಪಾಠ ಕಲಿಯಲಿ ಎಂದು ಒಂದು ವರ್ಷ ಕಳೆಯಬೇಡಿ.

ನಿವೃತ್ತ ಸಭಾಪಾಲಕ, ಧಾರವಾಡ

ತಮ್ಮ ಸರಿಯಾಗಿ ಹೇಳಿದ್ದಾನೆ. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯವನ್ನು ಮಗನ ಜೊತೆ ಕೂತು ಓದಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ದೇವರಿಗೆ ಮುಡಿಪು ಎಂದು ಹೇಳಿ ಜಾರಿಕೊಳ್ಳುವವರನ್ನು ಯೇಸು ಅಲ್ಲಿ ಎಷ್ಟು ಖಂಡಿತವಾಗಿ ತರಾಟೆಗೆ ತೆಗೆದುಕೊಂಡಿದ್ದಾನೆ ನೋಡಿ. ಲೆಕ್ಕ ಹಾಕದೆ ಕೊಡುವ ಮನಸ್ಸು ಬಹಳ ಅಪರೂಪದ್ದು. ಅದು ಅವನಲ್ಲಿ ಇದೆ, ಅದನ್ನು ಬೈಯಬೇಡಿ. ನೂರರಷ್ಟು ಬರುತ್ತದೆ ಎಂದು ಕೊಡುವುದು ಮಾತ್ರ ಲೇವಾದೇವಿ. ಅದು ಲವೊದಿಕೀಯದವರಿಗೆ ಚೆನ್ನಾಗಿ ಗೊತ್ತಿದ್ದ ವ್ಯವಹಾರ. ಉಪವಾಸ, ಜಾಗರಣೆ ಎಲ್ಲ ಇದ್ದೂ ದೇವರನ್ನು ಬಡ್ಡಿ ಕೊಡುವವನಂತೆ ಕಂಡರೆ ಆ ಕೂಟಕ್ಕೂ ನಮ್ಮ ಕಮಿಟಿಗೂ ದೊಡ್ಡ ಅಂತರವಿಲ್ಲ.

ಹುಬ್ಬಳ್ಳಿಯ ತಾಯಿ

ಶುಲ್ಕ ಕಟ್ಟಿದೆವು. ಮಗ ಹೋಗಿ ಕೇಳಿದನಂತೆ. ‘ದೇವರಿಗೆ ಕೊಟ್ಟದ್ದನ್ನು ಕೇಳಬಾರದು’ ಎಂದರಂತೆ ಅಲ್ಲಿಯ ಮುಖ್ಯಸ್ಥರು. ಅವನು ಹೆಚ್ಚು ಮಾತನಾಡುತ್ತಿಲ್ಲ. ಎರಡು ಶುಕ್ರವಾರ ಹೋಗಿಲ್ಲ, ಆದರೆ ಬುಧವಾರದ ಉಪವಾಸ ಬಿಟ್ಟಿಲ್ಲ. ಯಜಮಾನರು ಅದನ್ನೂ ಬಿಡಿಸಬೇಕು ಎಂದಾಗ ನಾನೇ ತಡೆದೆ.

ನಮ್ಮ ಸಭೆಯ ಬಗ್ಗೆ ಅವನು ಹೇಳಿದ್ದರಲ್ಲಿ ಸತ್ಯವಿದೆ ಎಂದು ಅವನ ಮುಂದೆ ಒಪ್ಪಿಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜಿಯ ಬಗ್ಗೆ ನಾನು ಹಾಗೆ ಹೇಳಲಿಲ್ಲ ಅಮ್ಮಾ” ಎಂದ. ಶನಿವಾರ ಅಭ್ಯಾಸ ಮುಗಿಸಿ ಬಂದ ಮೇಲೆ ಏಳು ಪತ್ರಗಳನ್ನು ಒಟ್ಟಿಗೆ ಓದೋಣವೇ ಎಂದು ಕೇಳಿದ್ದೇನೆ, ಆಗಲಿ ಎಂದಿದ್ದಾನೆ. ತರಕಾರಿಯ ಅಕ್ಕನ ಜೊತೆ ಅತ್ತೆ ಮಾತನಾಡಿದ್ದಾರೆ. ಅವರ ಗಂಡ ಇನ್ನೂ ಒಪ್ಪಿಲ್ಲ. ಮುಂದಿನ ಕಮಿಟಿ ಕೂಟದಲ್ಲಿ ನಮ್ಮ ಹಾಲ್ ವಾರದಲ್ಲಿ ಎಷ್ಟು ಸಂಜೆ ಬೀಗ ಹಾಕಿರುತ್ತದೆ ಎಂದು ಕೇಳಬೇಕೆಂದಿದ್ದೇನೆ. ಲಿಖಿತವಾಗಿ ಕೊಡಬೇಕೇ, ಬಾಯಿಮಾತಿನಲ್ಲಿ ಹೇಳಿದರೆ ಸಾಕೇ, ಅಯ್ಯನವರೇ?

ನಿವೃತ್ತ ಸಭಾಪಾಲಕ, ಧಾರವಾಡ

ಲಿಖಿತವಾಗಿ ಕೊಡಿ. ಕೂಟದ ವಾರಕ್ಕೆ ಮೊದಲೇ ಕಾರ್ಯದರ್ಶಿಯ ಕೈಗೆ ಕೊಟ್ಟು, ತಲುಪಿದ್ದಕ್ಕೆ ಸಹಿ ತೆಗೆದುಕೊಳ್ಳಿ. ಯಾವ ಮಕ್ಕಳಿಗೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಬೀಗದ ಕೈಗೆ ಯಾರು ಹೊಣೆ, ಕರೆಂಟ್ ಬಿಲ್ಲು ಹೇಗೆ ಎಂಬುದನ್ನೆಲ್ಲ ಮೊದಲೇ ಬರೆದುಬಿಡಿ, ಮುಂದೂಡಲು ನೆಪ ಉಳಿಯಬಾರದು. ಪಾಠ ಹೇಳುವವರ ಹೆಸರಿನ ಜಾಗದಲ್ಲಿ ಮಗನ ಹೆಸರು ಹಾಕಬಹುದೇ ಎಂದು ಅವನನ್ನೇ ಕೇಳಿ. ಹಾಸ್ಟೆಲಿನಿಂದ ಶನಿವಾರ ಬರುತ್ತಾನಲ್ಲ, ಗಣಿತಕ್ಕೆ ಒಂದು ದಿನವಾದರೂ ಸಾಕು.

ಓದುವುದನ್ನು ಎಫೆಸದಿಂದ ಆರಂಭಿಸಿ, ಕ್ರಮವಾಗಿಯೇ ಹೋಗಿ. ಲವೊದಿಕೀಯಕ್ಕೆ ಬಂದಾಗ ಕೊಲೊಸ್ಸೆಯವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯವನ್ನೂ ತೆಗೆಯಿರಿ. ಲವೊದಿಕೀಯದವರಿಗಾಗಿ ಕೊಲೊಸ್ಸೆಯ ಎಪಫ್ರನು ಪ್ರಾರ್ಥನೆಯಲ್ಲಿ ಎಷ್ಟು ಹೋರಾಡುತ್ತಿದ್ದನು ಎಂದು ಪೌಲನು ಅಲ್ಲಿ ಬರೆದಿದ್ದಾನೆ. ಆ ಭಾಗವನ್ನು ಅತ್ತೆಯವರ ಕೋಣೆಯಲ್ಲಿ ಕೂತು ಓದಿ.